ಗುಂಡವ್ವ ಸುಳ್ಳು ಹೇಳುವುದಿಲ್ಲ

ಹೆಣ್ಣು ವಿಚಾರಿಸಲು ಮತ್ತೆ ಯಾರೋ ಬಂದಿದ್ದರು. ಪಕ್ಕದ ಮನೆಯ ಮುಂದೆ ಗುರುತಿಲ್ಲದ ಚಪ್ಪಲಿ ಕಂಡದ್ದೇ ತಡ, ಗುಂಡವ್ವ ಲಿಂಬೆಹಣ್ಣಿನ ಬುಟ್ಟಿ, ಈಳಿಗೆ ಎತ್ತಿಕೊಂಡು ತನ್ನ ಕಟ್ಟೆಗೆ ಬಂದು ಕೂತಳು. ಉಪ್ಪಿನಕಾಯಿ ಬರೀ ನೆವ. ಹೆಣ್ಣಿನ ಮನೆಯಿಂದ ಹೊರಬಿದ್ದವರು ನೆರೆಯವರನ್ನು ಒಂದು ಮಾತು ಕೇಳದೆ ಇಂಡಿ ಊರು ಬಿಡುವುದಿಲ್ಲ.

ಗುಂಡವ್ವ ದೈವಭಕ್ತೆ. ಭಾನುವಾರದ ಪೂಜೆ ತಪ್ಪಿಸಿದವಳಲ್ಲ, ಸುಳ್ಳು ಹೇಳಿದವಳಲ್ಲ. ಪಕ್ಕದ ಮನೆಯ ರಾಜಶ್ರೀಯನ್ನು ಕೇಳಿಕೊಂಡು ಬಂದ ಸಿಂದಗಿಯ ಮಾಸ್ತರನನ್ನೂ ಮುದ್ದೇಬಿಹಾಳದ ಕಂಪೌಂಡರನನ್ನೂ ಆಕೆ ಅಪ್ಪಟ ನಿಜ ಹೇಳಿಯೇ ಓಡಿಸಿದ್ದಳು.

ಕಾರಣ ಒಳಗೆ ಗೊರಕೆ ಹೊಡೆಯುತ್ತಿತ್ತು. ಮಗ ಅಂತೋಣಿ. ವಯಸ್ಸು ನಲವತ್ತರ ಹತ್ತಿರ, ಕೆಲಸ ಹುಡುಕುವ ಕೆಲಸ. ಊರಲ್ಲಿ ಚರ್ಚಿಗೆ ಹೋಗುವ ಮನೆಗಳೇ ಬೆರಳೆಣಿಕೆ. ಅವುಗಳಲ್ಲಿ ಮದುವೆಗೆ ಉಳಿದ ಹೆಣ್ಣು ರಾಜಶ್ರೀ ಒಬ್ಬಳೇ. ಬಂದ ಗಂಡುಗಳೆಲ್ಲ ತಿರುಗಿ ಹೋದರೆ ಅವಳ ಹೆತ್ತವರು ಕೊನೆಗೆ ಈ ಕಟ್ಟೆಗೇ ಬರಬೇಕು. ಗುಂಡವ್ವನ ಭಕ್ತಿಯಲ್ಲಿ ಇಷ್ಟು ತಾಳ್ಮೆ ಇತ್ತು.

ಪಕ್ಕದ ಮನೆಯಿಂದ ಕಟ್ಟೆಗೆ ಬಂದವರು ಇಬ್ಬರು ಹೆಂಗಸರು. ಹಿರಿಯಳದು ಬಿಳಿ ನೂಲಿನ ಸೀರೆ, ಬರಿಗೊರಳು, ಬೆರಳಲ್ಲೊಂದು ಸಾದಾ ಉಂಗುರ. ಗಂಡ ತೀರಿಹೋದ ಅತ್ತೆ ಎಂದು ಗುಂಡವ್ವ ತೀರ್ಮಾನಿಸಿದಳು. ಕಿರಿಯಳು ಆಕೆಯನ್ನು ಅಮ್ಮ ಎನ್ನುತ್ತಿದ್ದಳು, ಆಕೆ ಕೂರುವ ತನಕ ನಿಂತೇ ಇದ್ದಳು. ಸೊಸೆ, ಚೆನ್ನಾಗಿ ಪಳಗಿಸಿದ್ದಾರೆ. ಇಬ್ಬರ ಮುಖವೂ ಬಾಡಿತ್ತು. ಬಿಸಿಲು.

ಹುಡುಗನ ಹೆಸರು, ನೌಕರಿ ಯಾವುದನ್ನೂ ಗುಂಡವ್ವ ಕೇಳಲಿಲ್ಲ. ಹೇಗಿದ್ದರೂ ಓಡಿಸಬೇಕಾದ ಗಂಡು. ಹೆಸರು ಕಟ್ಟಿಕೊಂಡು ಮಾಡುವುದೇನು?

“ನಮ್ಮದು ದೊಡ್ಡ ಮನೆ,” ಹಿರಿಯಳು ಮೈಸೂರು ಕಡೆಯ ಮಾತಿನಲ್ಲಿ ಶುರುಮಾಡಿದಳು. “ಹದಿನೆಂಟು ಹೆಂಗಸರು ಒಂದೇ ಸೂರಿನಡಿ. ಒಮ್ಮೆ ಒಳಗೆ ಬಂದವಳಿಗೆ ತವರಿನ ಓಡಾಟ ಇರುವುದಿಲ್ಲ. ರಾಜಶ್ರೀ ಹೊಂದಿಕೊಂಡಾಳೇ?”

ಹದಿನೆಂಟು ಹೆಂಗಸರು. ಗುಂಡವ್ವನಿಗೆ ಹುಡುಗಿಯ ಮೇಲೆ ಅರೆಗಳಿಗೆ ಕನಿಕರವೂ ಬಂತು. ಲಿಂಬೆಗೆ ಉಪ್ಪು ತುಂಬಿ ಆ ಕನಿಕರವನ್ನು ಮುಗಿಸಿದಳು.

“ಆಡಬಾರದ್ರಿ, ಆದ್ರ ಕೇಳೀರಿ. ನಾ ಸುಳ್ಳು ಹೇಳಾಕಿ ಅಲ್ಲ. ಹುಡುಗಿಗಿ ಬಾಯೇ ಇಲ್ರಿ. ನೀವು ಹತ್ತು ಮಾತಾಡಿದ್ರ ಆಕಿದೊಂದು. ನಸುಕಿನ್ಯಾಗ ಏಳ್ತಾಳ, ಎದ್ದು ಕಸಾ ಹೊಡೀತಾಳೇನು? ಕತ್ತಲದಾಗ ಗ್ವಾಡಿ ನೋಡಕೋತ ಕುಂದ್ರತಾಳ.”

ಹಿರಿಯಳು ಮುಂದಕ್ಕೆ ಬಾಗಿದಳು. ಒಡವೆಯ ಆಸೆ ಹೇಗೆ ಎಂದಳು. ಅದರ ಕತೆ ಹೇಳಬಾರದು ಎಂದು ಗುಂಡವ್ವ ಪೂರ್ತಿ ಹೇಳಿದಳು: ಓಣಿಯ ಸಗೀರಾಳ ಮಗಳ ಹೆರಿಗೆಗೆಂದು ಕಿವಿಯೋಲೆ ಬಿಚ್ಚಿ ಕೊಟ್ಟವಳು, ಈಗ ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡು ತಿರುಗುತ್ತಾಳೆ. ಬೈದರೆ ಹೇಗೆ ಎಂಬ ಪ್ರಶ್ನೆಗೂ ಉತ್ತರ ತಯಾರಿತ್ತು. ಕಲ್ಲಿಗೆ ಬೈದ ಹಾಗೆ. ತಿರುಗಿ ಒಂದು ಮಾತಿಲ್ಲ.

ಕೊನೆಯ ಬಾಣವನ್ನು ಗುಂಡವ್ವ ದನಿ ತಗ್ಗಿಸಿ ಬಿಟ್ಟಳು. “ಗಂಡಸರ ಕಡಿ ಮನಸ್ಸೇ ಇಲ್ರಿ ಆಕಿಗಿ. ನಿಮಗ ಮುಂದ ಮಕ್ಕಳು ಮರಿ ಬೇಕಲ್ಲ, ಅದಕ್ಕ ಹೇಳಾಕತ್ತೇನಿ.”

ಕಿರಿಯಳಿಗೆ ಒಮ್ಮೆಲೇ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು.

ಹಿರಿಯಳ ಕಣ್ಣು ಒದ್ದೆಯಾಗಿತ್ತು. ಗುಂಡವ್ವನ ಹುಳಿಗೈಗಳನ್ನು ಹಿಡಿದುಕೊಂಡಳು. “ನೀವು ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆ ಮನೆಯಲ್ಲಿ ಕೇಳಿದ್ದೇ ಬೇರೆ.”

“ಹೆತ್ತವರು ಮತ್ತೇನ್ ಹೇಳ್ತಾರ್ರಿ,” ಎಂದಳು ಗುಂಡವ್ವ, ದೊಡ್ಡ ಮನಸ್ಸಿನಿಂದ.

ಅವರು ಬಸ್ ಸ್ಟ್ಯಾಂಡಿನ ಕಡೆ ಹೋಗದೆ ಮತ್ತೆ ಪಕ್ಕದ ಮನೆ ಹೊಕ್ಕರು. ಸ್ವಲ್ಪ ಹೊತ್ತಿಗೆ ರಾಜಶ್ರೀಯ ತಾಯಿ ಅಳುವುದು ಕೇಳಿತು. ಬೇಡ ಎಂದು ಮುಖದ ಮೇಲೇ ಹೇಳುವ ಜನ. ಗುಂಡವ್ವನಿಗೆ ಅಂಥವರ ಮೇಲೆ ಗೌರವ. ಒಳಗೆ ಹೋಗಿ ಅಂತೋಣಿಯನ್ನು ಎಬ್ಬಿಸಿ ಗಡ್ಡ ಬೋಳಿಸಿಕೊಳ್ಳಲು ಕಳಿಸಿದಳು.

ಸಂಜೆ ರಾಜಶ್ರೀ ತಾನಾಗಿಯೇ ಬಂದಳು. ಕಣ್ಣು ಕೆಂಪಗಿತ್ತು. ಬಗ್ಗಿ ಗುಂಡವ್ವನ ಕಾಲು ಮುಟ್ಟಿದಳು. ಬಾಗಿಲಲ್ಲಿ ಅಂತೋಣಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತಿದ್ದ.

“ಹೋಗ್ಲಿ ಬಿಡವ್ವಾ,” ಗುಂಡವ್ವ ತಲೆ ಸವರಿದಳು. “ನಿನ್ನ ಹಣ್ಯಾಗ ಬ್ಯಾರೆ ಬರದೈತಿ.”

“ಹೌದ್ರಿ ದೊಡ್ಡವ್ವಾ. ನನ್ನ ಬಿಟ್ಟು ಇರಾಕ ಆಗೂದಿಲ್ಲಂತ ಅಪ್ಪ, ಅವ್ವ ಅವರ ಮುಂದ ಏನೇನೋ ಹೇಳಿದ್ರು. ಬಾಯಿಬಡಕಿ, ಬಂಗಾರದ ಹುಚ್ಚಿ, ಹೊತ್ತೇರಿದರೂ ಏಳೂದಿಲ್ಲಂತ. ಅವರೂ ನಂಬಿ ನನ್ನ ಬಿಟ್ಟು ಹೊಂಟಿದ್ರು.” ಇಷ್ಟು ಮಾತನ್ನು ಆ ಹುಡುಗಿ ಒಟ್ಟಿಗೆ ಆಡಿದ್ದನ್ನು ಗುಂಡವ್ವ ಎಂದೂ ಕೇಳಿರಲಿಲ್ಲ.

“ನೀವೊಬ್ರು ನಿಜಾ ಹೇಳಿದ್ದಕ್ಕ ಮದರ್ ಒಪ್ಪಿಕೊಂಡ್ರು, ನಾಳೆ ಅವರ ಕೂಡ ಸನ್ಯಾಸಿನಿಯರ ಮಠಕ್ಕ ಹೊಂಟೇನಿ.”