ಹೊತ್ತು ತಂದ ನೀರು

ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದರಿಂದ ಮಕ್ಕಳ ಬುದ್ಧಿಯೂ ಮಂಕಾಗುತ್ತದೆಯೇ ಎಂದು ತಿಳಿಯಲು ಡಾಕ್ಟರಮ್ಮ ಶಾಲೆಗೆ ಬಂದಿದ್ದರು. ಒಳಗೆ ತನ್ನ ಮಕ್ಕಳಿಬ್ಬರೂ ಅವರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರೆ, ಹೊರಗೆ ಹುಲಿಗೆವ್ವ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದಳು.

ಕೊನೆಗೆ ಡಾಕ್ಟರಮ್ಮ ಕರೆದರು. “ಮಕ್ಕಳು ಯಾವ ನೀರು ಕುಡೀತಾರಮ್ಮ?”

“ಮಗಗ ಹುಟ್ಟಿದಾಗಿಂದ ಫಿಲ್ಟರ್ ನೀರ್ರೀ. ಪಕ್ಕದೂರಿಂದ ಹೊತ್ತು ತರ್ತೀನಿ.”

“ಮಗಳು?”

“ಆಕಿ ಬೋರಿನ ನೀರ ಕುಡೀತಾಳ್ರೀ. ಇಬ್ಬರಿಗೂ ಆಗೂವಷ್ಟು ಹೊರಾಕ ಆಗಂಗಿಲ್ಲ.” ಹುಲಿಗೆವ್ವ ತಲೆ ತಗ್ಗಿಸಿದಳು. “ನನ್ನ ಮಗ ಹೆಂಗ ಮಾಡ್ಯಾನ್ರೀ?”

“ಪರವಾಗಿಲ್ಲ. ಆದ್ರೆ ಮಗಳು ಬಹಳ ಚುರುಕು, ಶಾಲೆಗೇ ಮೊದಲು. ಇಬ್ಬರನ್ನ ನೋಡಿ ನೀರಿನ ವಿಷಯ ಏನೂ ಹೇಳೋಕಾಗಲ್ಲ. ಅವಳ ಹಲ್ಲು ಆಗಲೇ ಕಂದು ಬಣ್ಣಕ್ಕೆ ತಿರುಗಿದೆ, ಅವಳಿಗೂ ಒಳ್ಳೇ ನೀರು ಕೊಡಿ.”

ಮನೆಗೆ ಬಂದವಳೇ ಹುಲಿಗೆವ್ವ ಲೋಟಕ್ಕೆ ಫಿಲ್ಟರ್ ನೀರು ಬಗ್ಗಿಸಿ ಮಗಳ ಕೈಗಿಟ್ಟಳು. ಹುಡುಗಿ ನಂಬಲಾರದೆ ಅವ್ವನ ಮುಖ ನೋಡಿದಳು.

ಆಮೇಲೆ ಹುಲಿಗೆವ್ವ ಇನ್ನೊಂದು ಲೋಟದಲ್ಲಿ ಬೋರಿನ ನೀರು ತುಂಬಿ ಮಗನ ಬಾಯಿಗೆ ಹಿಡಿದಳು. “ಇನ್ನ ಮ್ಯಾಲೆ ನೀ ಇದನ್ನ ಕುಡಿ ನನ್ನಪ್ಪಾ. ಆಕಿಗಿಂತ ಶಾಣ್ಯಾ ಆಗ್ಬೇಕು ನೀನು.”