ಬಚ್ಚಲ ನೀರಿನ ಜಾಗ

ಅಂಜೂರದ ಎಲೆ ಕಿತ್ತಾಗ ಬರುವ ಹಸಿ ಹಾಲಿನ ವಾಸನೆ ಈಗಲೂ ನನ್ನನ್ನು ಬಳ್ಳಾರಿಯ ನಮ್ಮ ಹಿತ್ತಲಿಗೆ ಒಯ್ಯುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನೆಲ ಹಂಚಿನಂತೆ ಕಾದಿತ್ತು. ಬಚ್ಚಲ ನೀರು ಹರಿಯುವಲ್ಲಿ ಮಾತ್ರ ಮಣ್ಣು ತಣ್ಣಗಿದ್ದು, ಅಲ್ಲಿ ಒಂದೇ ಗಿಡಕ್ಕೆ ಜಾಗವಿತ್ತು. ಅಜ್ಜಿಯ ಅಂಗೈಯಲ್ಲಿ ಹೀರೆ ಬೀಜ. ನನ್ನ ಕೈಯಲ್ಲಿ ಕಂಟೋನ್ಮೆಂಟಿನ ಬಂಗಲೆಯ ಮಾಲಿ ಕೊಟ್ಟ ಅಂಜೂರದ ಕಡ್ಡಿ.

“ಹೀರಿಕಾಯಿ ಎರಡು ತಿಂಗಳಿಗೆ ಪಲ್ಯಕ್ಕ ಬರ್ತೈತಿ,” ಎಂದಳು ಅಜ್ಜಿ.

“ಆಮ್ಯಾಲೆ ಬಳ್ಳಿ ಒಣಗ್ತೈತಿ. ಅಂಜೂರ ಆದ್ರ ವರ್ಷಾ ವರ್ಷಾ ಹಣ್ಣು ಕೊಡ್ತೈತಿ. ಯಾವುದು ಲಾಭ, ನೀನೇ ಹೇಳು?”

“ಏ ವಕೀಲಮ್ಮ, ಅದು ಹಣ್ಣು ಬಿಡಾಕ ಮೂರು ವರ್ಷ ಬೇಕು. ಅಲ್ಲೀತನಕ ನಾ ಇರಬೇಕಲ್ಲ!”

“ಇರ್ತಿ.”

“ಸಾಕ್ಷಿ ಏನೈತಿ?”

ಅಜ್ಜಿ ನನ್ನ ಮಾತನ್ನೇ ನನಗೆ ತಿರುಗಿಸಿದ್ದಳು. ದೆವ್ವದ ಕತೆಗೂ ದೇವರ ಕತೆಗೂ ಸಾಕ್ಷಿ ಕೇಳಿ ಆಕೆಯನ್ನು ಗೋಳುಹೊಯ್ದುಕೊಳ್ಳುತ್ತಿದ್ದವಳು ನಾನೇ. ಅವತ್ತು ಆಕೆಯ ಒರಟು ಕೈ ಹಿಡಿದು, “ಇರ್ತಿ ಅಂದ್ರ ಇರ್ತಿ,” ಎಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಬೀಜಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ವಾದ ನೀನೇ ಗೆದ್ದಿ. ನಡಿ, ಕುಣಿ ತೋಡು.”