ನೋಡಲು ಬಂದವರು

ಚಂಪವ್ವನ ಎಡಗಿವಿ ಎಂದೋ ಹೋಗಿತ್ತು. ಬಲಗಿವಿಯೊಳಗೆ ಆಪರೇಷನ್ ಮಾಡಿ ಯಂತ್ರ ಕೂರಿಸಿದ್ದರು. ಅದು ಚಾಲೂ ಆಗುವುದು ಬರುವ ತಿಂಗಳು. ಆ ಕಿವಿಯಲ್ಲಿ ಮೊದಲಿನಿಂದ ಉಳಿದಿದ್ದ ಅಷ್ಟಿಷ್ಟು ಶ್ರವಣಶಕ್ತಿ ಹಾಳಾಗದಿರಲೆಂದು ಡಾಕ್ಟರು ಸ್ಟೀರಾಯ್ಡ್ ಕೊಡುತ್ತಿದ್ದರು.

ನೆಂಟರು ಮೋಸಂಬಿ ಹಿಡಿದು ಬಂದು ಮಂಚದ ಸುತ್ತ ಕೂತರು. ಯಂತ್ರ ಚಾಲೂ ಆಗುವತನಕ ಆಕೆಗೆ ಏನೂ ಕೇಳಿಸುವುದಿಲ್ಲವೆಂದುಕೊಂಡು ಆಕೆಯ ಬಗ್ಗೆಯೇ ಮಾತಿಗಿಳಿದರು. ಆದರೆ ಕಿವುಡಿಯ ಮುಂದೆ ಕೂಗಿ ಕೂಗಿ ರೂಢಿಯಾದ ಗಂಟಲು ಎಲ್ಲರದ್ದೂ.

"ಈ ವಯಸ್ಸಿನ್ಯಾಗ ಇಕಿಗ್ಯಾಕ ಬೇಕಿತ್ತು ಕಿವಿ?" ನೆಗೆಣ್ಣಿ ಕಿರುಚಿದಳು.

"ಜಗಳಾ ಹಚ್ಚಾಕ!" ಎಂದ ನಾದಿನಿ, ತಂದ ಮೋಸಂಬಿಯನ್ನು ಸುಲಿದು ತಾನೇ ತಿಂದಳು.

ಚಂಪವ್ವ ಇಬ್ಬರಿಗೂ ನಗುನಗುತ್ತ ಕೈಮುಗಿದಳು.

ಅವರು ಹೋದ ಮೇಲೆ ಡಾಕ್ಟರು ಬಂದು ಆಕೆಯ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. ಆಕೆ ಅಲುಗಲಿಲ್ಲ. ಸ್ಟೀಲ್ ತಟ್ಟೆ ಬಾರಿಸಿದರು. ಊಹೂಂ.

"ಇದ್ದದ್ದೂ ಹೋತ್ರಿ. ಸ್ಟೀರಾಯ್ಡ್ ಕೆಲಸ ಮಾಡ್ಲಿಲ್ಲ," ಡಾಕ್ಟರು ಮಂಚದ ಬಳಿ ನಿಂತಿದ್ದ ಸೊಸೆಯತ್ತ ತಿರುಗಿ ಸಣ್ಣ ಮುಖ ಮಾಡಿದರು.

ಸೊಸೆ ಕೂಡಲೇ ತನ್ನ ಅವ್ವನಿಗೆ ಫೋನ್ ಮಾಡಲು ಹೊರಗೆ ಓಡಿದಳು.

ಚಂಪವ್ವ ಮೆಲ್ಲಗೆ ಡಾಕ್ಟರ ಕೋಟು ಜಗ್ಗಿದಳು.

"ಎಲ್ಲಾ ಕೇಳಸ್ತೈತ್ರಿ. ಯಾರಿಗೂ ಹೇಳಬ್ಯಾಡ್ರಿ, ಇನ್ನ ನಮ್ಮ ಬೀಗತಿ ನೋಡಾಕ ಬರೋದೈತಿ."